ಕಟಕಟೆಯಲ್ಲಿ ಜೇಡ

— ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಬೇವೂರು

ಗುಜರಾತಿನ ವಡೋದರಾ ನಗರದ ವಸ್ತುಸಂಗ್ರಹಾಲಯದಲ್ಲಿ ಇಂಗ್ಲೆಂಡಿನ ಒಂದು ಕೋರ್ಟಿನ ತೈಲವರ್ಣ ಚಿತ್ರವಿದೆ. ಅದರ ಹೆಸರು ‘ಜಡ್ಜ್‌ಮೆಂಟ್’, ಅಂದರೆ ತೀರ್ಪು. ಬರೆದವರು ವಿಲಿಯಂ ಪೊವೆಲ್ ಫ್ರಿತ್ ಎಂಬ ಚಿತ್ರಕಾರರು, ವರ್ಷ 1880. ಲಂಡನ್ನಿನ ಓಲ್ಡ್ ಬೇಲಿ ಎಂಬ ಪ್ರಸಿದ್ಧ ಕ್ರಿಮಿನಲ್ ನ್ಯಾಯಾಲಯದ ಒಳಗಿನ ನೋಟ ಅದು. ಬಿಳಿ ಕೂದಲಿನ ಟೋಪಿ ಹಾಕಿದ ವಕೀಲರು, ನ್ಯಾಯಾಧೀಶರು, ತುಂಬಿದ ಜನ. ಕಟಕಟೆಯಲ್ಲಿ ನಿಂತಿರುವವನು ಕೊಲೆಗಾರನಲ್ಲ, ದರೋಡೆಕೋರನೂ ಅಲ್ಲ. ಜನರಿಂದ ಹಣ ತೆಗೆದುಕೊಂಡು ಲಾಭ ಕೊಡುತ್ತೇನೆಂದು ಹೇಳಿದ ಒಬ್ಬ ಹಣಕಾಸಿನ ವ್ಯವಹಾರಸ್ಥ. ಆದ್ದರಿಂದ ಈ ಚಿತ್ರವನ್ನು ಕಲಾ ವಿಭಾಗದವರಿಗಿಂತ ನಮ್ಮ ವಾಣಿಜ್ಯ ವಿಭಾಗದವರೇ ಮೊದಲು ನೋಡಬೇಕು ಎಂದು ನನಗೆ ಅನ್ನಿಸುತ್ತದೆ.

ಇದು ಒಂಟಿ ಚಿತ್ರವಲ್ಲ. ಐದು ಚಿತ್ರಗಳ ಒಂದು ಕಥೆಯಲ್ಲಿ ನಾಲ್ಕನೆಯದು. ಐದಕ್ಕೂ ಸೇರಿ ‘ದಿ ರೇಸ್ ಫಾರ್ ವೆಲ್ತ್’ ಎಂದು ಹೆಸರು. ಕನ್ನಡದಲ್ಲಿ ‘ರೊಕ್ಕದ ಓಟ’ ಎನ್ನಬಹುದು. ಇಂಗ್ಲೆಂಡಿನ ಈ ಚಿತ್ರಗಳು ಭಾರತಕ್ಕೆ ಹೇಗೆ ಬಂದವು? ಬರೋಡಾ ಸಂಸ್ಥಾನದ ಮಹಾರಾಜರಾಗಿದ್ದ ಮೂರನೆಯ ಸಯಾಜಿರಾವ್ ಗಾಯಕವಾಡರು ತಮ್ಮ ಪ್ರಜೆಗಳೂ ಯುರೋಪಿನ ಚಿತ್ರಗಳನ್ನು ನೋಡಲಿ ಎಂದು ಒಂದು ಚಿತ್ರಶಾಲೆ ಕಟ್ಟಿಸಿದರು. ಕೆಲಸ 1908ರಲ್ಲಿ ಶುರುವಾಗಿ 1914ರಲ್ಲಿ ಮುಗಿಯಿತು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು, ಚಿತ್ರಗಳು ಯುರೋಪಿನಲ್ಲೇ ಉಳಿದವು. ಹೀಗಾಗಿ ಚಿತ್ರಶಾಲೆಯ ಬಾಗಿಲು ತೆರೆದದ್ದು 1921ರಲ್ಲಿ. ಚಿತ್ರಗಳನ್ನು ಆರಿಸಿಕೊಟ್ಟವರು ಸ್ಪೀಲ್ಮನ್ ಎಂಬ ಇಂಗ್ಲಿಷ್ ಕಲಾ ವಿಮರ್ಶಕರು. ಇದೇ ಗಾಯಕವಾಡರು ರಾಜಾ ರವಿವರ್ಮರಿಂದ ಪುರಾಣದ ಚಿತ್ರಗಳನ್ನೂ ಬರೆಸಿದ್ದರು. ನಮ್ಮೂರಿನ ಎಷ್ಟೋ ಮನೆಗಳ ಗೋಡೆಯ ಮೇಲಿರುವ ಲಕ್ಷ್ಮಿ, ಸರಸ್ವತಿಯರ ಕ್ಯಾಲೆಂಡರ್ ಚಿತ್ರಗಳ ಮೂಲ ಆ ರವಿವರ್ಮರೇ.

ಫ್ರಿತ್ ಹುಟ್ಟಿದ್ದು 1819ರಲ್ಲಿ, ಯಾರ್ಕ್‌ಷೈರಿನ ಒಂದು ಹಳ್ಳಿಯಲ್ಲಿ. ತಂದೆ ಹೋಟೆಲು ನಡೆಸುತ್ತಿದ್ದರು. ರಾಜರಾಣಿಯರನ್ನು ಬಿಟ್ಟು ಜನರ ಗುಂಪನ್ನು ಬರೆಯುವುದು ಫ್ರಿತ್‌ರ ವಿಶೇಷ. ಸಮುದ್ರದ ದಂಡೆಯ ಜನ, ಕುದುರೆ ಜೂಜಿನ ಮೈದಾನದ ಜನ, ರೈಲ್ವೆ ಸ್ಟೇಷನ್ನಿನ ಜನ. ‘ಡರ್ಬಿ ಡೇ’ ಎಂಬ ಕುದುರೆ ಜೂಜಿನ ಚಿತ್ರವನ್ನು 1858ರಲ್ಲಿ ಪ್ರದರ್ಶನಕ್ಕಿಟ್ಟಾಗ ನೋಡಲು ಜನ ಎಷ್ಟು ಮುಗಿಬಿದ್ದರೆಂದರೆ, ಚಿತ್ರಕ್ಕೆ ಪೆಟ್ಟಾಗದಿರಲಿ ಎಂದು ಅದರ ಮುಂದೆ ಕಬ್ಬಿಣದ ಕಟಾಂಜನ ಹಾಕಬೇಕಾಯಿತು. ನಮ್ಮ ಜಾತ್ರೆಯಲ್ಲಿ ತೇರಿನ ಹತ್ತಿರ ಹಗ್ಗ ಕಟ್ಟುತ್ತಾರಲ್ಲ, ಹಾಗೆ.

ಈಗ ಐದು ಚಿತ್ರಗಳ ಕಥೆಗೆ ಬರೋಣ.

ಮೊದಲನೆಯದರ ಹೆಸರು ‘ಜೇಡ ಮತ್ತು ನೊಣಗಳು’. ಇದು ವ್ಯವಹಾರಸ್ಥನ ಕಚೇರಿ. ಹಣ ಹೂಡಲು ಬಂದವರಿಂದ ಅದು ತುಂಬಿದೆ. ಅವರಲ್ಲಿ ಮುಖ್ಯನಾದವನು ಒಬ್ಬ ಪಾದ್ರಿ, ಸಂಸಾರ ಸಮೇತ ಬಂದಿದ್ದಾನೆ. ಎರಡನೆಯದು ‘ಮನೆಯಲ್ಲಿ ಜೇಡ’. ಅದೇ ವ್ಯವಹಾರಸ್ಥನ ಭರ್ಜರಿ ಬಂಗಲೆ, ದೊಡ್ಡವರಿಗೆಲ್ಲ ಔತಣ, ಗೋಡೆಗಳ ತುಂಬ ಚಿತ್ರಗಳು. ಮೂರನೆಯದು ‘ಬಲಿಯಾದವರು’. ಪಾದ್ರಿಯ ಮನೆಯಲ್ಲಿ ಬೆಳಗಿನ ನಾಷ್ಟಾದ ಹೊತ್ತು. ಪತ್ರಿಕೆಯಲ್ಲಿ ಸುದ್ದಿ ಬಂದಿದೆ, ಕಂಪನಿ ಮುಳುಗಿದೆ. ನಾಲ್ಕನೆಯದು ನಮ್ಮ ಕೋರ್ಟಿನ ಚಿತ್ರ. ಐದನೆಯದು ‘ರೆಟ್ರಿಬ್ಯೂಷನ್’. ಇದಕ್ಕೆ ನಿಘಂಟು ನೋಡಿದರೆ ದೊಡ್ಡ ದೊಡ್ಡ ಪದ ಸಿಗುತ್ತವೆ, ಆದರೆ ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವುದೇ ಸರಿ. ಲಂಡನ್ನಿನ ಮಿಲ್‌ಬ್ಯಾಂಕ್ ಜೈಲಿನ ಅಂಗಳದಲ್ಲಿ ಕೈದಿಗಳು ಸುತ್ತು ಹಾಕುತ್ತಿದ್ದಾರೆ, ಅವರಲ್ಲಿ ಅವನೂ ಒಬ್ಬ.

ಮೊದಲ ಎರಡು ಚಿತ್ರಗಳಲ್ಲಿ ಅಪರಾಧ ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ಒಂದು ಆಫೀಸು, ಒಂದು ಪಾರ್ಟಿ, ಅಷ್ಟೇ. ಯಾರೂ ಯಾರ ಜೇಬಿಗೂ ಕೈ ಹಾಕಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಲೆಕ್ಕ ಮಾಡಬೇಕು.

ಒಬ್ಬನು ನೂರು ಜನರಿಂದ ತಲಾ ಒಂದು ಲಕ್ಷ ರೂಪಾಯಿ ತೆಗೆದುಕೊಂಡ ಎಂದುಕೊಳ್ಳಿ. ಅವನ ಕೈಯಲ್ಲಿ ಒಂದು ಕೋಟಿ ಆಯಿತು. ತಿಂಗಳಿಗೆ ನೂರಕ್ಕೆ 3ರಂತೆ ಕೊಡುತ್ತೇನೆ ಎಂದು ಹೇಳಿದ್ದಾನೆ. ಅಂದರೆ ತಿಂಗಳಿಗೆ ಒಟ್ಟು 3 ಲಕ್ಷ. ಅವನು ಒಂದು ರೂಪಾಯಿಯ ವ್ಯಾಪಾರವನ್ನೂ ಮಾಡದೆ, ಅವರ ಹಣವನ್ನೇ ಅವರಿಗೆ ‘ಲಾಭ’ ಎಂದು ಕೊಡುತ್ತ ಹೋದರೂ 33 ತಿಂಗಳು ನಡೆಯುತ್ತದೆ. ಎರಡೂಮುಕ್ಕಾಲು ವರ್ಷ! ಅಷ್ಟು ದಿನ ತಪ್ಪದೆ ರೊಕ್ಕ ಬಂದರೆ ಯಾರು ಅನುಮಾನ ಪಡುತ್ತಾರೆ? ಇನ್ನು ಅವನು 40 ಲಕ್ಷ ತೆಗೆದು ಬಂಗಲೆ, ಕಾರು, ಔತಣ ಮಾಡಿದ ಎನ್ನಿ. ಆಗಲೂ ಉಳಿದ 60 ಲಕ್ಷದಲ್ಲಿ 20 ತಿಂಗಳು ನಡೆಯುತ್ತದೆ. ಆ ಬಂಗಲೆ ನೋಡಿ ಇನ್ನೂ ನೂರು ಜನ ಬಂದರೆ ಮತ್ತಷ್ಟು ತಿಂಗಳು. ನಮ್ಮ ಪಠ್ಯದ ಮಾತಿನಲ್ಲಿ ಹೇಳಬೇಕೆಂದರೆ ಎರಡನೆಯ ಚಿತ್ರದ ಬಂಗಲೆ ಅವನ ಆಸ್ತಿಯಲ್ಲ, ಅವನ ಜಾಹೀರಾತು ಖರ್ಚು. ಅದನ್ನು ಕೊಟ್ಟವರು ಮೊದಲ ಚಿತ್ರದಲ್ಲಿ ಕಚೇರಿಗೆ ಬಂದವರು.

ಈ ಬಗೆಯ ಮೋಸಕ್ಕೆ ಇವತ್ತು ‘ಪೊಂಜಿ’ ಎನ್ನುತ್ತಾರೆ. ಅಮೆರಿಕದ ಬೋಸ್ಟನ್ನಿನಲ್ಲಿ 1920ರಲ್ಲಿ ಸಿಕ್ಕಿಬಿದ್ದ ಚಾರ್ಲ್ಸ್ ಪೊಂಜಿಯಿಂದ ಬಂದ ಹೆಸರು. ಫ್ರಿತ್‌ರ ಚಿತ್ರ ಅದಕ್ಕಿಂತ 40 ವರ್ಷ ಹಿಂದಿನದು. ಹೆಸರು ಬರುವ ಮೊದಲೇ ಜೇಡ ಇತ್ತು.

ಪಾದ್ರಿಯನ್ನು ಏಕೆ ಮುಖ್ಯ ಪಾತ್ರ ಮಾಡಿದರು? ನನಗೆ ತೋರುವುದು ಇಷ್ಟು. ಪಾದ್ರಿ ಹಣ ಹಾಕಿದರೆ ಅವನ ಊರಿನವರೂ ಹಾಕುತ್ತಾರೆ. ದೇವರ ಭಯ ಇರುವವರು ಹೋದ ಕಡೆ ಮೋಸ ಇರಲಾರದು ಎಂಬ ನಂಬಿಕೆ. ಇದು ನಮಗೆ ತಿಳಿಯದ ಸಂಗತಿಯೇನಲ್ಲ. ಬಡ್ಡಿ, ಅಂದರೆ ಸೂದ್, ನಮ್ಮಲ್ಲಿ ಹರಾಮ್. ಹಾಗಾಗಿ ಬ್ಯಾಂಕಿಗೆ ಹೋಗಲು ಹಿಂಜರಿಯುವ ಹಿರಿಯರು ನಮ್ಮ ಮನೆಗಳಲ್ಲಿ ಇದ್ದಾರೆ. ಅವರ ಹತ್ತಿರ ಬಂದು ‘ಇದು ಬಡ್ಡಿಯಲ್ಲ, ಹಲಾಲ್ ಲಾಭ’ ಎಂದು ಹೇಳಿದರೆ ಅರ್ಧ ಕೆಲಸ ಮುಗಿಯಿತು. ಬೆಂಗಳೂರಿನ ಐಎಂಎ ಪ್ರಕರಣ ನಿಮಗೆ ನೆನಪಿರಬಹುದು. ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ಹಣ ತೆಗೆದುಕೊಂಡ ಆ ಕಂಪನಿ 2019ರ ಜೂನ್ ತಿಂಗಳಲ್ಲಿ ಬಾಗಿಲು ಹಾಕಿತು. ಶಿವಾಜಿನಗರದ ಕಚೇರಿಯ ಮುಂದೆ ಜನ ಸೇರಿದರು. ದೂರು ಬರೆದುಕೊಳ್ಳಲು ಪೊಲೀಸರು ಹತ್ತಿರದ ಒಂದು ಶಾದಿಮಹಲಿನಂಥ ಸಭಾಂಗಣದಲ್ಲಿ ಕೌಂಟರ್‌ಗಳನ್ನು ತೆರೆಯಬೇಕಾಯಿತು. ದೂರು ಕೊಟ್ಟವರ ಸಂಖ್ಯೆ ಹತ್ತಾರು ಸಾವಿರ ದಾಟಿತು. ಮೊದಲು ವಿಶೇಷ ತನಿಖಾ ತಂಡ, ಆಮೇಲೆ ಸಿಬಿಐ ತನಿಖೆ ಮಾಡಿತು.

ಇಲ್ಲಿ ಒಂದು ಲೆಕ್ಕಶಾಸ್ತ್ರದ ಮಾತನ್ನು ಹೇಳಲೇಬೇಕು. ಪಾಲುದಾರಿಕೆಯ ಪಾಠದಲ್ಲಿ ನಾವು ಮೊದಲು ಲಾಭ-ನಷ್ಟದ ಖಾತೆ ತಯಾರಿಸುತ್ತೇವೆ, ಆಮೇಲೆ ಲಾಭ ಹಂಚುತ್ತೇವೆ. ವರ್ಷ ಮುಗಿಯದೆ ಲಾಭ ಎಷ್ಟು ಎಂದು ದೇವರಾಣೆ ಯಾರಿಗೂ ಗೊತ್ತಿರುವುದಿಲ್ಲ. ನಷ್ಟವೂ ಆಗಬಹುದು. ಇಸ್ಲಾಮಿನ ‘ಮುದಾರಬಾ’ ಎಂಬ ವ್ಯವಹಾರದ ನಿಯಮವೂ ಇದೇ. ಲಾಭ ಬಂದರೆ ಮಾತಾಡಿಕೊಂಡ ಪ್ರಮಾಣದಲ್ಲಿ ಪಾಲು, ನಷ್ಟ ಬಂದರೆ ಅದು ಹಣ ಹಾಕಿದವನದು. ಹೀಗಿರುವಾಗ ತಿಂಗಳ ಐದನೇ ತಾರೀಖಿಗೆ ತಪ್ಪದೆ ಇಷ್ಟೇ ರೂಪಾಯಿ ಎಂದು ಮೊದಲೇ ಹೇಳುವವನು ಹೇಳುತ್ತಿರುವುದು ಲಾಭವಲ್ಲ. ಅದು ಒಂದೋ ಬಡ್ಡಿ, ಇಲ್ಲವೇ ಮೋಸ.

ಕೋರ್ಟಿನ ಚಿತ್ರಕ್ಕೆ ಮರಳೋಣ. ಅದಕ್ಕೂ ಮೊದಲು ಒಂದು ಸಣ್ಣ ಮಾತು. ಈ ಲೇಖನ ಬರೆಯಲು ಕೋರ್ಟಿನ ಪದಗಳನ್ನು ಪಟ್ಟಿ ಮಾಡುತ್ತಿದ್ದಾಗ ನನಗೆ ನಗು ಬಂತು. ಕನ್ನಡದಲ್ಲಿ ಬರೆಯುವುದು ಕಷ್ಟವಾದೀತು ಎಂದುಕೊಂಡಿದ್ದೆ. ಆದರೆ ವಕೀಲ, ಅದಾಲತ್ತು, ಮುನ್ಸಿಫ್, ಫಿರ್ಯಾದಿ, ಜಾಮೀನು, ಜಪ್ತಿ, ಹಾಜರು, ಕೈದಿ, ಖುಲಾಸೆ ಎಲ್ಲವೂ ನಮ್ಮ ಮನೆಯ ಉರ್ದುವಿನ ಪದಗಳೇ. ಬೇವೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾವ ಅಜ್ಜನನ್ನು ಕೇಳಿದರೂ ಇವು ಕನ್ನಡ ಪದಗಳು ಎಂದೇ ಹೇಳುತ್ತಾರೆ, ಅದೂ ಸರಿಯೇ. ‘ಠೇವಣಿ’ ಎಂಬುದಕ್ಕೆ ಮಾತ್ರ ನಮ್ಮ ಮನೆಯಲ್ಲಿ ಬೇರೆ ಪದವಿದೆ, ‘ಅಮಾನತ್’. ಅದಕ್ಕೆ ಹಣ ಎಂಬ ಅರ್ಥಕ್ಕಿಂತ ನಂಬಿ ಒಪ್ಪಿಸಿದ್ದು ಎಂಬ ಅರ್ಥ ಹೆಚ್ಚು.

ನಾಲ್ಕನೆಯ ಚಿತ್ರದಲ್ಲಿ ಮಾತಾಡುತ್ತಿರುವವರು ಯಾರು? ಸಾಕ್ಷಿ ಕಟ್ಟೆಯಲ್ಲಿರುವ ಪಾದ್ರಿ. ಹೌದು, ಮೊದಲ ಚಿತ್ರದಲ್ಲಿ ಹಣ ಹೂಡಲು ಬಂದಿದ್ದ ಅದೇ ಪಾದ್ರಿ. ಜೇಡ ಕಟಕಟೆಯಲ್ಲಿ ನಿಂತು ಕೇಳುತ್ತಿದ್ದಾನೆ. ಇದರಲ್ಲಿ ಒಂದು ಕಾನೂನಿನ ವಿಷಯವಿದೆ. ಆ ಕಾಲದ ಇಂಗ್ಲೆಂಡಿನಲ್ಲಿ ಆರೋಪಿಯಾದವನು ಸಾಮಾನ್ಯವಾಗಿ ತನ್ನ ಪರವಾಗಿ ತಾನೇ ಪ್ರಮಾಣ ಮಾಡಿ ಸಾಕ್ಷಿ ಹೇಳುವಂತಿರಲಿಲ್ಲ. ಆ ಹಕ್ಕು ಎಲ್ಲ ಆರೋಪಿಗಳಿಗೂ ಬಂದದ್ದು 1898ರ ಕಾಯ್ದೆಯಿಂದ. ಅಂದರೆ 1880ರಲ್ಲಿ ಜೇಡನ ಪರವಾಗಿ ವಕೀಲರು ವಾದ ಮಾಡಬಹುದು, ಅವನು ಮಾತ್ರ ಸುಮ್ಮನಿರಬೇಕು. ಮೊದಲ ಎರಡು ಚಿತ್ರಗಳಲ್ಲಿ ಅವನ ಮಾತೇ ಬಂಡವಾಳ. ಕಚೇರಿಯಲ್ಲಿ ಮಾತು, ಔತಣದಲ್ಲಿ ಮಾತು. ಕೋರ್ಟಿನಲ್ಲಿ ಆ ಬಂಡವಾಳ ನಡೆಯುವುದಿಲ್ಲ. ಅಲ್ಲಿ ಕೇಳಿಸಿಕೊಳ್ಳುತ್ತಿದ್ದವನು ಇಲ್ಲಿ ಹೇಳುತ್ತಾನೆ, ಅಲ್ಲಿ ಹೇಳುತ್ತಿದ್ದವನು ಇಲ್ಲಿ ಕೇಳಿಸಿಕೊಳ್ಳುತ್ತಾನೆ. ಚಿತ್ರದ ಹೆಸರು ‘ತೀರ್ಪು’ ಎಂದಿದ್ದರೂ ಅದರ ಜೀವ ಇರುವುದು ಸಾಕ್ಷಿಯಲ್ಲಿ. ನನ್ನ ದೃಷ್ಟಿಯಲ್ಲಿ ಐದರಲ್ಲೂ ಅತಿ ಧೈರ್ಯದ ಮನುಷ್ಯ ಆ ಪಾದ್ರಿ.

ಧೈರ್ಯ ಏಕೆ ಎಂದು ಹೇಳಲು ನಮ್ಮ ಮನೆಯ ಒಂದು ವಿಷಯ ಹೇಳಬೇಕು. ಅಮ್ಮಿಯ ಅಕ್ಕ, ನನ್ನ ದೊಡ್ಡ ಖಾಲಾ, ಇಳಕಲ್ಲಿನಲ್ಲಿ ಬಟ್ಟೆ ಹೊಲಿದು ಸಂಸಾರ ನಡೆಸುತ್ತಾರೆ. ಮೊದಲು ಅವರ ಓಣಿಗೆ ದಿನಾ ಸಂಜೆ ಪಿಗ್ಮಿಯವರು ಬರುತ್ತಿದ್ದರು. ಪಿಗ್ಮಿ ಎಂಬುದು ಕರ್ನಾಟಕದ್ದೇ ಸೃಷ್ಟಿ. ಉಡುಪಿಯ ಡಾ. ಟಿ.ಎಂ.ಎ. ಪೈ ಅವರು 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ತಮ್ಮ ಬ್ಯಾಂಕಿನಲ್ಲಿ ಇದನ್ನು ಶುರು ಮಾಡಿದರು. ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಕೂಡ ತೆಗೆದುಕೊಳ್ಳುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸರೂ ಕೂಲಿಯವರೂ ಉಳಿತಾಯ ಕಲಿತದ್ದು ಹಾಗೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಪದ ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ.

ಖಾಲಾ ಹತ್ತಿರ ಕೆಲವು ವರ್ಷಗಳ ಹಿಂದೆ ಬಂದವನೂ ಥೇಟ್ ಹಾಗೆಯೇ ಬಂದ. ಅದೇ ಸಂಜೆಯ ಹೊತ್ತು, ಅದೇ ಚರ್ಮದ ಬ್ಯಾಗು, ಅದೇ ಸಣ್ಣ ಪಾಸ್‌ಬುಕ್ಕು. ನಮ್ಮವನೇ, ‘ಆಪಾ’ ಎಂದು ಕರೆಯುತ್ತಿದ್ದ. ಬಡ್ಡಿಯ ಮಾತೇ ಎತ್ತಲಿಲ್ಲ, ಬರ್ಕತ್ ಎಂದ. ಖಾಲಾ ಮೊದಲು ದಿನಕ್ಕೆ ನೂರು ಕೊಟ್ಟರು, ಆಮೇಲೆ ಮಗಳ ಮದುವೆಗೆಂದು ಮಾಡಿಟ್ಟ ಒಂದು ಜೊತೆ ಬಳೆ ಮಾರಿ ಕೊಟ್ಟರು. ಹದಿನಾಲ್ಕು ತಿಂಗಳು ತಪ್ಪದೆ ರೊಕ್ಕ ಬಂತು. ಹದಿನೈದನೆಯ ತಿಂಗಳು ಆಫೀಸಿಗೆ ಬೀಗ ಬಿದ್ದಿತ್ತು.

ಓಣಿಯಲ್ಲಿ ಹಣ ಕಳೆದುಕೊಂಡ ಮನೆಗಳು ಹನ್ನೊಂದು. ಮೊದಲ ವಾರ ಪೊಲೀಸ್ ಠಾಣೆಗೆ ಹೋದವರು ಇಬ್ಬರು. ಖಾಲಾ ಹೋಗಲಿಲ್ಲ. ಪಾಸ್‌ಬುಕ್ಕನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟುಬಿಟ್ಟರು. ‘ಲೋಗಾಂ ಕ್ಯಾ ಬೋಲೇಂಗೆ’ ಎಂಬುದೊಂದೇ ಮಾತು. ಜನ ಏನಂದಾರು. ದುರಾಸೆ ಮಾಡಿದಳು ಎಂದಾರು, ಗಂಡಸರನ್ನು ಕೇಳದೆ ಕೊಟ್ಟಳು ಎಂದಾರು, ಮದುವೆಯ ಬಳೆ ಮಾರಿದಳು ಎಂದು ಬೀಗರ ಕಿವಿಗೆ ಬಿದ್ದೀತು. ಓಡಿಹೋದವನಿಗಿಂತ ಹಣ ಕಳೆದುಕೊಂಡವರೇ ತಲೆ ತಗ್ಗಿಸಿ ಓಡಾಡಿದರು. ನಾನಾಗ ಚಿಕ್ಕವಳು. ಇದು ನನಗೆ ಆಗಲೂ ವಿಚಿತ್ರ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಫ್ರಿತ್‌ರ ಪಾದ್ರಿಗೂ ಈ ನಾಚಿಕೆ ಇರಲೇಬೇಕಲ್ಲ. ಊರಿಗೆ ಬುದ್ಧಿ ಹೇಳುವವನು ತಾನೇ ಮೋಸ ಹೋದೆ ಎಂದು ತುಂಬಿದ ಕೋರ್ಟಿನಲ್ಲಿ ಹೇಳಬೇಕು. ಎದುರು ಪಕ್ಷದ ವಕೀಲರು ‘ಹೆಚ್ಚು ಲಾಭದ ಆಸೆಗೆ ತಾನೆ ಹೋದದ್ದು?’ ಎಂದು ಕೇಳದೆ ಬಿಡುತ್ತಾರೆಯೇ? ಆದರೂ ಹೋಗಿ ನಿಂತಿದ್ದಾನೆ. ಅವನು ಮನೆಯಲ್ಲೇ ಉಳಿದಿದ್ದರೆ ಮೂರನೆಯ ಚಿತ್ರಕ್ಕೇ ಕಥೆ ಮುಗಿಯುತ್ತಿತ್ತು. ಜೇಡ ಇನ್ನೊಂದು ಊರಿನಲ್ಲಿ ಇನ್ನೊಂದು ಕಚೇರಿ ತೆರೆಯುತ್ತಿತ್ತು.

ಫ್ರಿತ್‌ರ ಕಥೆಯಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ತೀರ್ಪು ಆಯಿತು, ಜೈಲೂ ಆಯಿತು. ಪಾದ್ರಿಯ ಹಣ ಎಲ್ಲಿ? ಐದೂ ಚಿತ್ರಗಳಲ್ಲಿ ಎಲ್ಲಿಯೂ ಅದು ಮರಳಿ ಬರುವುದಿಲ್ಲ. ಜೇಡ ಜೈಲಿನಲ್ಲಿ ಸುತ್ತು ಹಾಕಿದರೆ ಪಾದ್ರಿಯ ಮನೆಗೆ ಅಕ್ಕಿ ಬರುತ್ತದೆಯೇ? ಶಿಕ್ಷೆ ಬೇರೆ, ಪರಿಹಾರ ಬೇರೆ. ಬಹುಶಃ ಆ ಕಾಲದಲ್ಲಿ ನೋಡುಗರಿಗೆ ಶಿಕ್ಷೆ ನೋಡಿದರೆ ಸಾಕಿತ್ತು. ನಾನಾಗಿದ್ದರೆ ಆರನೆಯ ಚಿತ್ರ ಬರೆಸುತ್ತಿದ್ದೆ. ಉದ್ದನೆಯ ಮೇಜು, ರಿಜಿಸ್ಟರು, ಸಾಲಿನಲ್ಲಿ ನಿಂತು ತಮ್ಮ ಪಾಲು ತೆಗೆದುಕೊಳ್ಳುವ ಜನ. ನೋಡಲು ಅಷ್ಟು ಚಂದ ಇರಲಿಕ್ಕಿಲ್ಲ.

ಇಂಗ್ಲೆಂಡ್, ಸ್ಕಾಟ್ಲೆಂಡಿನ ಜನರಿಗೆ ಈ ಕಥೆ ಬರಿಯ ಕಥೆಯಾಗಿರಲಿಲ್ಲ. ಫ್ರಿತ್ ಚಿತ್ರಗಳನ್ನು ತೋರಿಸುವ ಎರಡು ವರ್ಷ ಮೊದಲು, 1878ರ ಅಕ್ಟೋಬರಿನಲ್ಲಿ, ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿತ್ತು. ನಿರ್ದೇಶಕರು ಸುಳ್ಳು ಲೆಕ್ಕ ತೋರಿಸಿದ್ದರು. ಮರುವರ್ಷ ಎಡಿನ್‌ಬರೋದ ಕೋರ್ಟಿನಲ್ಲಿ ವಿಚಾರಣೆ ನಡೆದು ಇಬ್ಬರಿಗೆ 18 ತಿಂಗಳು, ಐವರಿಗೆ 8 ತಿಂಗಳು ಜೈಲಾಯಿತು. ಆದರೆ ಷೇರುದಾರರ ಗತಿ ಇನ್ನೂ ಕೆಟ್ಟದು. ಆ ಬ್ಯಾಂಕಿನಲ್ಲಿ ಷೇರುದಾರರ ಹೊಣೆ ಅಪರಿಮಿತ. ಬ್ಯಾಂಕಿನ ಸಾಲ ತೀರಿಸಲು ಅವರ ಮನೆ ಮಾರುಗಳೂ ಹೋದವು. ಒಟ್ಟು 1,819 ಷೇರುದಾರರಲ್ಲಿ ದಿವಾಳಿಯಾಗದೆ ಉಳಿದವರು 254 ಜನ. ಪರಿಮಿತ ಹೊಣೆಗಾರಿಕೆ ಎಂಬ ಎರಡು ಅಂಕದ ಪ್ರಶ್ನೆಯನ್ನು ನಾವು ಬಾಯಿಪಾಠ ಮಾಡುತ್ತೇವಲ್ಲ, ಆ ಎರಡು ಅಂಕದ ಹಿಂದೆ ಎಷ್ಟು ಮನೆಗಳು ಇವೆ ಎಂದು ನನಗೆ ಈ ಅಂಕಿ ನೋಡಿದ ಮೇಲೆ ತಿಳಿಯಿತು.

ನಮ್ಮ ಕರ್ನಾಟಕದಲ್ಲಿ ಆ ಆರನೆಯ ಚಿತ್ರಕ್ಕಾಗಿಯೇ ಒಂದು ಕಾಯ್ದೆ ಇದೆ. ಹಣಕಾಸು ಸಂಸ್ಥೆಗಳಲ್ಲಿ ಠೇವಣಿದಾರರ ಹಿತರಕ್ಷಣಾ ಕಾಯ್ದೆ, 2004. ಚಿಕ್ಕದಾಗಿ ಕೆಪಿಐಡಿ ಕಾಯ್ದೆ ಎನ್ನುತ್ತಾರೆ. ಸಂಸ್ಥೆಯೊಂದು ಠೇವಣಿ ಮರಳಿ ಕೊಡುತ್ತಿಲ್ಲ ಎಂದು ಠೇವಣಿದಾರರು ದೂರು ಕೊಟ್ಟರೆ, ಸರ್ಕಾರ ಆ ಸಂಸ್ಥೆಯ ಮತ್ತು ಅದನ್ನು ನಡೆಸುವವರ ಆಸ್ತಿಯನ್ನು ಜಪ್ತಿ ಮಾಡಬಹುದು. ಅದಕ್ಕೆ ಸಕ್ಷಮ ಪ್ರಾಧಿಕಾರ ಎಂದು ಒಬ್ಬ ಅಧಿಕಾರಿಯನ್ನು ನೇಮಿಸುತ್ತಾರೆ. ವಿಶೇಷ ನ್ಯಾಯಾಲಯದ ಒಪ್ಪಿಗೆ ಪಡೆದು ಆಸ್ತಿ ಮಾರಿ, ಬಂದ ಹಣವನ್ನು ಠೇವಣಿದಾರರಿಗೆ ಹಂಚುತ್ತಾರೆ. ಐಎಂಎ ಪ್ರಕರಣದಲ್ಲೂ ಇದೇ ಕಾಯ್ದೆಯಡಿ ಪ್ರಾಧಿಕಾರ ನೇಮಕವಾಯಿತು. ಇದರ ಜೊತೆಗೆ ಕೇಂದ್ರ ಸರ್ಕಾರ 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳನ್ನೇ ನಿಷೇಧಿಸುವ ಕಾಯ್ದೆ ತಂದಿದೆ. ಮುಳುಗಿದ ಮೇಲೆ ಕಾಯುವುದಲ್ಲ, ಅನುಮತಿ ಇಲ್ಲದೆ ಜನರಿಂದ ಠೇವಣಿ ಕೇಳುವುದೇ ಅಪರಾಧ.

ಈ ಕಾಯ್ದೆಗಳ ದಾರಿ ನಿಧಾನ. ಜಪ್ತಿ ಮಾಡಲು ಆಸ್ತಿ ಉಳಿದಿರಬೇಕು, ಮಾರಲು ಕೋರ್ಟು ಹೇಳಬೇಕು, ಸಿಗುವುದು ರೂಪಾಯಿಗೆ ಹದಿನಾರಾಣೆಯೂ ಅಲ್ಲ. ಆದರೆ ಒಂದು ಮಾತು ಖಚಿತ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಏನೂ ಇಲ್ಲ. ಹಂಚುವ ದಿನ ಅಕ್ಕಿ ಡಬ್ಬಿಯ ಕೆಳಗಿನ ಪಾಸ್‌ಬುಕ್ಕನ್ನು ಯಾರೂ ಬಂದು ಹುಡುಕುವುದಿಲ್ಲ.

ಹಾಗಾದರೆ ರೊಕ್ಕ ಎಲ್ಲಿಡಬೇಕು ಎಂದು ಓಣಿಯ ಹೆಂಗಸರು ಅಮ್ಮಿಯ ಮೂಲಕ ನನ್ನನ್ನು ಕೇಳುತ್ತಾರೆ, ಕಾಮರ್ಸ್ ಓದುತ್ತಾಳೆ ಎಂದು. ನನಗೆ ತಿಳಿದಷ್ಟು ಹೇಳುತ್ತೇನೆ. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮುಂಚೆ ಅದು 1 ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಅನ್ವಯ, ಆದರೆ ಸೊಸೈಟಿ ಬೇರೆ, ಬ್ಯಾಂಕು ಬೇರೆ, ಬೋರ್ಡನ್ನು ಪೂರ್ತಿ ಓದಬೇಕು. ಬಡ್ಡಿ ಬೇಡದವರು ಚಾಲ್ತಿ ಖಾತೆಯಲ್ಲಿ ಇಡಬಹುದು, ಅದಕ್ಕೆ ಬಡ್ಡಿಯೇ ಬರುವುದಿಲ್ಲ. ಹತ್ತು ಹೆಂಗಸರು ಸೇರಿ ಮಾಡುವ ಭಿಶಿ ನಮ್ಮಲ್ಲಿ ಹಳೆಯದು, ಅಲ್ಲಿ ಎಲ್ಲರ ಮುಖ ಎಲ್ಲರಿಗೂ ಗೊತ್ತು. ಕಂಪನಿಯವರು ನಡೆಸುವ ಚೀಟಿಗಾದರೆ 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿ ಇರಲೇಬೇಕು, ನಡೆಸುವವರ ಕಮಿಷನ್ನಿಗೂ ನೂರಕ್ಕೆ 7ರ ಮಿತಿ ಇದೆ. ನೋಂದಣಿ ಪತ್ರ ತೋರಿಸಿ ಎಂದು ಕೇಳಿದರೆ ಒಳ್ಳೆಯವರಿಗೆ ಸಿಟ್ಟು ಬರುವುದಿಲ್ಲ.

ಚಿತ್ರಗಳ ಕಡೆಯ ಸಂಗತಿ ಒಂದು ಉಳಿದಿದೆ. ಐದನೆಯ ಚಿತ್ರದ ಮಿಲ್‌ಬ್ಯಾಂಕ್ ಜೈಲು 1890ರಲ್ಲಿ ಮುಚ್ಚಿತು, ಕಟ್ಟಡ ಕೆಡವಿದರು. ಆ ಜಾಗದಲ್ಲಿ 1897ರಲ್ಲಿ ಎದ್ದು ನಿಂತದ್ದು ಇಂದು ಜಗತ್ತಿಗೆಲ್ಲ ಗೊತ್ತಿರುವ ಟೇಟ್ ಎಂಬ ಚಿತ್ರಶಾಲೆ. ಫ್ರಿತ್‌ರ ಕುದುರೆ ಜೂಜಿನ ಚಿತ್ರ ಸೇರಿರುವುದು ಅದೇ ಟೇಟ್ ಸಂಗ್ರಹಕ್ಕೆ. ಜೇಡ ಸುತ್ತು ಹಾಕಿದ ಅಂಗಳ ಈಗ ಚಿತ್ರ ನೋಡುವವರ ಜಾಗ. ಜೇಡನ ಚಿತ್ರ ಮಾತ್ರ ಲಂಡನ್ ಬಿಟ್ಟು ನಮ್ಮ ದೇಶಕ್ಕೆ ಬಂದು ಕೂತಿದೆ.

ಖಾಲಾ ಕೊನೆಗೂ ದೂರು ಕೊಟ್ಟರು, ಎರಡು ವರ್ಷ ತಡವಾಗಿ. ಮೊದಲು ಹೋಗಿದ್ದ ಆ ಇಬ್ಬರು ಹೆಂಗಸರೇ ಬಂದು ಕೈ ಹಿಡಿದು ಕರೆದುಕೊಂಡು ಹೋದರು. ಹನ್ನೊಂದರಲ್ಲಿ ಈಗ ಒಂಬತ್ತು ಮನೆಯವರ ಹೆಸರು ಪಟ್ಟಿಯಲ್ಲಿದೆ. ಹೋದ ತಿಂಗಳು ಸಾಕ್ಷಿ ಹೇಳಲು ಬರಬೇಕೆಂದು ಕೋರ್ಟಿನಿಂದ ಸಮನ್ಸ್ ಬಂದಿದೆ. ಅವರು ಜೀವನದಲ್ಲಿ ಕೋರ್ಟಿನ ಒಳಗೆ ಕಾಲಿಟ್ಟವರಲ್ಲ. ಅವನು ಎಲ್ಲಿ ನಿಂತಿರುತ್ತಾನೆ, ನನ್ನನ್ನು ನೋಡುತ್ತಾನೇನು, ಉರ್ದುವಿನಲ್ಲಿ ಹೇಳಿದರೆ ಬರೆದುಕೊಳ್ಳುತ್ತಾರೇನು ಎಂದು ಫೋನಿನಲ್ಲಿ ಕೇಳುತ್ತಲೇ ಇದ್ದರು. ಬಕ್ರೀದ್ ರಜೆಗೆ ಹೋದಾಗ ನಾನು ಮೊಬೈಲಿನಲ್ಲಿ ಫ್ರಿತ್‌ರ ಚಿತ್ರ ತೆಗೆದು ಅವರಿಗೆ ತೋರಿಸಿದೆ. ಇವರು ಜಡ್ಜ್ ಸಾಹೇಬರು, ಇವರು ವಕೀಲರು, ಇವನು ಅವನು, ಇವರು ಸಾಕ್ಷಿ ಎಂದು ಬೆರಳಿಟ್ಟು ಹೇಳಿದೆ.

ಖಾಲಾ ಜೇಡನನ್ನು ನೋಡಲಿಲ್ಲ. ಬಹಳ ಹೊತ್ತು ಪಾದ್ರಿಯನ್ನೇ ನೋಡಿದರು. ಆಮೇಲೆ, ‘ಇವರಿಗೆ ಕುರ್ಚಿ ಕೊಡೋದಿಲ್ವಾ ಬೇಟಾ? ನಂದು ಮೊಣಕಾಲು ನೋವು’ ಅಂದರು.

ನಮ್ಮ ಪರಿಚಯದ ಒಬ್ಬ ವಕೀಲರನ್ನು ಕೇಳಿದೆ. ವಯಸ್ಸಾದವರು, ಕಾಲು ನೋವಿರುವವರು ನ್ಯಾಯಾಧೀಶರನ್ನು ಕೇಳಿಕೊಂಡರೆ ಕೂತು ಸಾಕ್ಷಿ ಹೇಳಲು ಬಿಡುತ್ತಾರಂತೆ. ಉರ್ದುವಿನಲ್ಲೂ ಹೇಳಬಹುದಂತೆ, ಅದನ್ನು ಕನ್ನಡಕ್ಕೆ ಹೇಳುವವರು ಒಬ್ಬರು ಇರುತ್ತಾರೆ. ಖಾಲಾಗೆ ಹೇಳಿದ್ದೇನೆ. ಪಾಸ್‌ಬುಕ್ಕಿನ ಎರಡು ಜೆರಾಕ್ಸ್ ತೆಗೆಸಿಟ್ಟಿದ್ದಾರೆ.